ಮೂರು ಅಡ್ಡ, ಮ್ಯಾಲೊಂದು ಗೇಣು

ಗಜೇಂದ್ರಗಡದ ಗುಡ್ಡದ ಬುಡಕ್ಕೆ ನಬೀಸಾಬ ಮಾಸ್ತರರ ಮನೆ. ಮನೆಯ ಮುಂದೆ ಸೊಂಟದೆತ್ತರದ ಕಲ್ಲಿನ ಕಟ್ಟೆ, ಕಟ್ಟೆಯ ಕೆಳಗೆ ಬೇವಿನ ಮರದ ಅಂಗಳ. ಈ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಆ ವರ್ಷಗಳಲ್ಲಿ ಮಾಸ್ತರರು ದಿನಾ ಬೆಳಿಗ್ಗೆ, ಸಾಲಿಯ ಗಂಟೆ ಬಾರಿಸುವ ಮೊದಲು, ಅಲ್ಲಿ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದರು. ಆ ವರ್ಷದ ಪಂದ್ಯಕ್ಕೆ ಕೂಡುವ ಮಕ್ಕಳು ಕಟ್ಟೆಯ ಮೇಲೆ. ಇನ್ನೂ ಬುನಾದಿ ಗಟ್ಟಿಯಾಗಬೇಕಾದವರು ಕೆಳಗೆ ಅಂಗಳದಲ್ಲಿ. ನೀರಿಗೆ ಹೋಗುವವರು, ಎತ್ತು ಹೊಡೆದುಕೊಂಡು ಹೋಗುವವರು ಎಲ್ಲರೂ ನೋಡಿಕೊಂಡೇ ಹೋಗುತ್ತಿದ್ದರು, ಯಾರ ಮಕ್ಕಳು ಮೇಲಿದ್ದಾರೆ, ಯಾರ ಮಕ್ಕಳು ಕೆಳಗಿದ್ದಾರೆ ಎಂದು.

ಗಣಿತ, ವಿಜ್ಞಾನದ ಆ ಪರೀಕ್ಷೆಯ ಪಂದ್ಯ ನಡೆಯುತ್ತಿದ್ದುದು ರೋಣದಲ್ಲಿ, ಶಿವರಾತ್ರಿ ಕಳೆದ ಮೇಲೆ. ಯಾರೋ ಹತ್ತಿ ವ್ಯಾಪಾರಿ ತನ್ನ ತಾಯಿಯ ಹೆಸರಿನಲ್ಲಿ ಇಟ್ಟದ್ದು. ಮೊದಲ ಹತ್ತು ಮಕ್ಕಳಿಗೆ ಮ್ಯಾಟ್ರಿಕ್ ಮುಗಿಯುವ ತನಕ ಫೀ, ಪುಸ್ತಕ ಎಲ್ಲ ಪುಕ್ಕಟೆ. ಆದರೆ ಒಂದು ಕಟ್ಟಳೆ ಇತ್ತು. ಒಂದು ಮಗು ಒಂದೇ ಸಲ ಕೂಡಬೇಕು. ಕೂತು ಸೋತರೆ ಮುಗಿಯಿತು, ಮತ್ತೆ ಆ ಬಾಗಿಲು ತೆರೆಯುವುದಿಲ್ಲ.

ಆದ್ದರಿಂದ ಯಾರನ್ನು ಕಟ್ಟೆಗೆ ಹತ್ತಿಸಬೇಕು ಎಂಬುದನ್ನು ಮಾಸ್ತರರು ದಸರಾ ಮುಗಿದ ಮೇಲೆ ಒಂದು ದಿನ ಕುಳಿತು ಆರಿಸುವರು. ಮಗುವಿನ ಜೊತೆ ಮನೆಯ ಹಿರಿಯರೊಬ್ಬರು ಬರಬೇಕು. ಆ ವರ್ಷ ಬಡಿಗೇರ ಕಳಕಪ್ಪಜ್ಜ ಮೊಮ್ಮಗಳು ರೇಣವ್ವನನ್ನು ಕರಕೊಂಡು ಬಂದ. ಹುಡುಗಿಗೆ ಹದಿಮೂರು, ಏಳನೇ ಇಯತ್ತೆ. ಅಜ್ಜ ಕಲಿತದ್ದು ಮೂರು ಇಯತ್ತೆ ಮಾತ್ರ. ಆದರೆ ಐವತ್ತು ವರ್ಷ ಬಾಚಿ ಹಿಡಿದ ಕೈ. ಸುತ್ತಿನ ಊರುಗಳಲ್ಲಿ ಓಡಾಡುವ ಚಕ್ಕಡಿಗಳಲ್ಲಿ ಅರ್ಧದಷ್ಟು ಅವನ ಗಾಲಿಯ ಮೇಲೆ ಓಡುತ್ತಿದ್ದವು.

ಬಡಿಗೇರ ಹುಡುಗಿ ಅಂತ ಮಾಸ್ತರರು ಗಾಲಿಯ ಲೆಕ್ಕವನ್ನೇ ಕೇಳಿದರು. ಅದು ಅವರ ಪ್ರೀತಿ. ಮುಂದೆ ಅದೇ ಅವರ ತಪ್ಪೂ ಆಯಿತು.

"ರೇಣವ್ವಾ, ಚಕ್ಕಡಿ ಗಾಲಿ ಅಡ್ಡಳತಿ ಏಳು ಗೇಣು. ಸುತ್ತಳತಿ ಎಷ್ಟು?"

"ಇಪ್ಪತ್ತೆರಡು ಗೇಣು, ಸರ್."

ಪಾಟಿ ಮುಟ್ಟಲಿಲ್ಲ, ಬೆರಳು ಎಣಿಸಲಿಲ್ಲ. ಪಕ್ಕದಲ್ಲಿದ್ದ ವ್ಯಾಪಾರಸ್ಥರ ಹುಡುಗರು ಇನ್ನೂ ಬಳಪ ನೆಕ್ಕುತ್ತಿದ್ದರು.

"ಶಾಬಾಸ್. ಗಾಲಿಗೆ ಕಬ್ಬಿಣದ ಹಳಿ ಹಾಕುವಾಗ ಯಾಕ ಕಾಸ್ತಾರ?"

"ಕಾಸಿದರ ಹಿಗ್ಗತೈತ್ರಿ. ಗಾಲಿ ಮ್ಯಾಲೆ ಕೂಡಿಸಿ ನೀರು ಹೊಡದ್ರ ಕುಗ್ಗಿ ಬಿಗಿ ಹಿಡೀತೈತಿ."

ಬಾಗಿಲ ಬಳಿ ಕುಕ್ಕುರುಗಾಲಲ್ಲಿ ಕೂತಿದ್ದ ಕಳಕಪ್ಪಜ್ಜ ನೆಲ ನೋಡುತ್ತ ಮೀಸೆಯಲ್ಲೇ ನಕ್ಕ. ಗಾಲಿಯ ಅಳತೆಯ ಆ ಸೂತ್ರ ಅವನ ಮನೆತನದ್ದು. ಅವನ ಅಪ್ಪ ಅವನಿಗೆ ಹೇಳಿದ್ದ, ಅವನು ಮಗ ಅರ್ಜುನಪ್ಪನಿಗೆ ಹೇಳಿದ್ದ, ಈಗ ಮೊಮ್ಮಗಳ ಬಾಯಿಗೆ ಬಂದಿತ್ತು. ಮೂರು ಅಡ್ಡ, ಮ್ಯಾಲೊಂದು ಗೇಣು. ಅಡ್ಡಳತೆಯನ್ನು ಮೂರು ಸಲ ಹಿಡಿ, ಅದರ ಮೇಲೆ ಒಂದು ಗೇಣು ಸೇರಿಸು, ಸುತ್ತಳತೆ ಸಿಕ್ಕಿತು. ನೂರಾರು ಗಾಲಿಗಳಲ್ಲಿ ಅದು ಒಮ್ಮೆಯೂ ಕೈ ಕೊಟ್ಟಿರಲಿಲ್ಲ.

ರೇಣವ್ವ ಕಟ್ಟೆ ಹತ್ತಿದಳು. ಐದು ಮಂದಿಯಲ್ಲಿ ಅವಳೊಬ್ಬಳೇ ಹುಡುಗಿ.

ಮನೆಯಲ್ಲಿ ಅದಕ್ಕೊಂದು ತೂಕವಿತ್ತು. ರೇಣವ್ವನ ತಾಯಿ ತಿಪ್ಪವ್ವ ಆಗಲೇ ಶಿರೋಳದ ಕಡೆಯಿಂದ ಒಂದು ಸಂಬಂಧ ಮಾತಾಡಿ ಇಟ್ಟಿದ್ದಳು. ಒಳ್ಳೆಯ ಮನೆತನ, ಕೈಕಸಬಿನವರು, ಹುಡುಗನೂ ಚಲೋ. ಮನೆಯಲ್ಲಿ ಆದ ಮಾತು ಇಷ್ಟು: ರೋಣದ ಪಂದ್ಯದಲ್ಲಿ ಹುಡುಗಿಯ ಹೆಸರು ಬಂದರೆ ಹೈಸ್ಕೂಲು, ಬರದಿದ್ದರೆ ಈ ಬೇಸಿಗೆಗೆ ಶಿರೋಳ. ಅರ್ಜುನಪ್ಪ ಮಾತು ಕಡಿಮೆಯ ಮನುಷ್ಯ. ಅಪ್ಪ ಹೂಂ ಅಂದದ್ದಕ್ಕೆ ಅವನೂ ಹೂಂ ಅಂದಿದ್ದ.

ನೆರೆಮನೆಯ ಗಾಳೆವ್ವ ಮಾತ್ರ ನೀರಿನ ಕೊಡ ಇಳಿಸುತ್ತ ಅಂದಳು, "ಏನವಾ ತಿಪ್ಪವ್ವಾ, ನಿನ್ನ ಮಗಳು ಗಂಡಸರ ಸರಿಸಮ ಕಟ್ಟಿ ಮ್ಯಾಲೆ ಕುಂತಾಳಂತ. ನಾಳೆ ಕಚೇರಿಯೊಳಗ ಮಾಮಲೇದಾರಕಿ ಮಾಡ್ತಾಳೇನ?"

"ಮಾಡಿದ್ರ ಮಾಡ್ಲಿ ಬಿಡು," ಅಂದಳು ತಿಪ್ಪವ್ವ. ಹೊರಗೆ ಬೇಸರ, ಒಳಗೊಳಗೆ ಹಿಗ್ಗು.

ಎರಡು ತಿಂಗಳು ಕಳೆದವು. ಎಳ್ಳಮವಾಸ್ಯೆ ಹತ್ತಿರ ಬಂತು. ಕಳಕಪ್ಪಜ್ಜ ಚಪ್ಪರದಲ್ಲಿ ಜಾಲಿಯ ಕಟ್ಟಿಗೆ ಕೆತ್ತುತ್ತ ಕೂತಾಗ ಒಂದು ಸಂಗತಿ ಗಮನಿಸಿದ. ರೇಣವ್ವ ಮೊದಲು ಸಂಜೆ ಬಂದು ಮಾಸ್ತರರು ಏನು ಹೇಳಿದರು ಎಂದು ಬಾಯಿ ತುಂಬ ಹೇಳುತ್ತಿದ್ದಳು. ಈಗ ಹೇಳುವುದು ನಿಂತಿತ್ತು. ಅದರ ಬದಲು ಕೇಳುತ್ತಿದ್ದಳು. ಅಜ್ಜಾ, ಇದಕ್ಕ ಎಷ್ಟು? ಅಜ್ಜಾ, ಅದಕ್ಕ ಎಷ್ಟು? ಅವನು ಬಾಚಿ ನಿಲ್ಲಿಸದೆ ಹೇಳುತ್ತಿದ್ದ, ಅವಳು ಪಾಟಿಯ ಮೇಲೆ ಬರೆದುಕೊಂಡು ಹೋಗುತ್ತಿದ್ದಳು. ಮಾಸ್ತರರು ಬಿಡಿಸಿ ತೋರಿಸಿದ ಲೆಕ್ಕಗಳನ್ನು ಮಗ್ಗಿಯ ಹಾಗೆ ಉರು ಹೊಡೆಯುತ್ತಿದ್ದಳು. ರೊಟ್ಟಿ ತಿನ್ನುವಾಗಲೂ ತುಟಿ ಅಲುಗುತ್ತಿತ್ತು. ಅಜ್ಜನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ತಾನೂ ಪಾವಕಿ, ಅರ್ಧಕಿ, ಮುಕ್ಕಾಲಕಿಯ ಕೋಷ್ಟಕಗಳನ್ನು ಹಾಗೇ ಕಲಿತವನು, ಛಡಿ ಏಟು ತಿಂದು.

ಒಂದು ಸಂಜೆ ಅವಳು ಕೇಳಿದಳು. "ಅಜ್ಜಾ, ಬಾವಿ ಅಡ್ಡ ಹದಿನಾಕು ಗೇಣು. ಸುತ್ತ ಎಷ್ಟು?"

"ಹದಿನಾಕು ಮೂರ್ಲೆ ನಲವತ್ತೆರಡು. ಮ್ಯಾಲೊಂದು. ನಲವತ್ಮೂರು."

ಮರುದಿನ ಹುಡುಗಿ ಬಂದವಳೇ ಪಾಟಿಯನ್ನು ಗೋಡೆಗೆ ಒರಗಿಸಿ ನಿಂತಳು. ಕಣ್ಣು ಕೆಂಪಾಗಿದ್ದವು.

"ಅಜ್ಜಾ, ನಿಂದು ತಪ್ಪಂತ. ನಲವತ್ನಾಕಂತ."

"ಯಾರಂದ್ರು?"

"ಮಾಸ್ತರು. ಮಿಕ್ಕ ನಾಕು ಮಂದೀದೂ ನಲವತ್ನಾಕ ಬಂದಿತ್ತು. ನಂದೊಂದ ಬ್ಯಾರೆ. ಹ್ಯಾಂಗ ಮಾಡಿದಿ ಅಂತ ಕೇಳಿದ್ರು. ನನಗ ಹೇಳಾಕ ಬರ್ಲಿಲ್ಲ. ಅವರು ಎಲ್ಲಾರ ಕಡೆ ನೋಡಿದ್ರು, ಮತ್ತ ಏನೂ ಅನಲಿಲ್ಲ."

"ಮಾಸ್ತರದ ತಪ್ಪಿರಬೇಕು ತಗೋ," ಅಂದ ಕಳಕಪ್ಪಜ್ಜ. "ಈ ಸೂತ್ರ ನನ್ನಪ್ಪಂದು."

ಅಂದನೇನೋ ನಿಜ. ಆದರೆ ನಾಲ್ಕು ಮಂದಿಗೂ ನಲವತ್ತನಾಲ್ಕೇ ಬಂದದ್ದು ತಲೆಯಿಂದ ಹೋಗಲಿಲ್ಲ. ಮರುದಿನ ಮಧ್ಯಾಹ್ನ, ಅರ್ಜುನಪ್ಪ ಹೊಲಕ್ಕೆ ಹೋಗಿದ್ದಾಗ, ಹುಡುಗಿ ಸಾಲಿಯಲ್ಲಿದ್ದಾಗ, ಅಂಗಳದ ನಡುವೆ ಒಂದು ಗೂಟ ಬಡಿದ. ಗೂಟಕ್ಕೆ ಏಳು ಗೇಣಿನ ದಾರ ಕಟ್ಟಿ, ತುದಿಗೆ ಮೊಳೆ ಸಿಕ್ಕಿಸಿ, ಮಣ್ಣಿನಲ್ಲಿ ಒಂದು ಸುತ್ತು ಎಳೆದ. ಅಡ್ಡ ಹದಿನಾಲ್ಕು ಗೇಣು ಆಯಿತು. ಗೆರೆಯ ಮೇಲೆ ಇನ್ನೊಂದು ಹಸಿ ದಾರ ಕೂಡಿಸುತ್ತ ಬಗ್ಗಿ ಬಗ್ಗಿ ಸುತ್ತ ಬಂದ. ಸೊಂಟ ಹಿಡಿಯಿತು. ದಾರ ಬಿಚ್ಚಿ ಗೇಣುಕೋಲಿನಿಂದ ಅಳೆದ.

ನಲವತ್ತನಾಲ್ಕು.

ದಾರ ಸಡಿಲಾಗಿರಬೇಕು ಅಂದುಕೊಂಡ. ಮತ್ತೆ ಅಳೆದ. ಮತ್ತೊಮ್ಮೆ. ಮೂರನೆಯ ಸಲವೂ ಅಷ್ಟೇ. ತಿಪ್ಪವ್ವ ಹೊಸ್ತಿಲಲ್ಲಿ ನಿಂತು, "ಮಾವಾರ, ಬಿಸಲಾಗ ಏನ ಹುಡುಕ್ತೀರಿ? ಏನರೆ ಬಿದ್ದೈತೇನ್ರಿ?" ಅಂದಳು.

"ಏನಿಲ್ಲವಾ. ಹೋಗು ಒಳಗ."

ಆಗ ಅವನಿಗೆ ಹೊಳೆಯಿತು. ಏಳು ಗೇಣಿನ ಗಾಲಿಗೆ ಮೇಲೆ ಒಂದು ಗೇಣು. ಹದಿನಾಲ್ಕಕ್ಕೆ ಎರಡು. ಅಡ್ಡಳತೆ ಬೆಳೆದ ಹಾಗೆ ಆ ಮೇಲಿನ ಗೇಣೂ ಬೆಳೆಯುತ್ತದೆ. ಚಕ್ಕಡಿ ಗಾಲಿ ಯಾವಾಗಲೂ ಏಳೇ ಗೇಣು, ಅದಕ್ಕೇ ಸೂತ್ರ ಯಾವಾಗಲೂ ಸರಿ. ಹಾಗಾದರೆ ಮೂರೂವರೆ ಗೇಣಿನ ಗಾಲಿಗೆ?

ಮೂರೂವರೆ ಗೇಣಿನ ಗಾಲಿ. ಸಣ್ಣ ಸುತ್ತು ಎಳೆಯುವ ಮೊದಲೇ ಅವನಿಗೆ ಗೊತ್ತಾಗಿ ಹೋಗಿತ್ತು. ಆದರೂ ಎಳೆದ, ದಾರ ಕೂಡಿಸಿದ, ಅಳೆದ. ಹನ್ನೊಂದು. ಅವನ ಸೂತ್ರದ ಪ್ರಕಾರ ಹನ್ನೊಂದೂವರೆ ಆಗಬೇಕು.

ಗೂಟದ ಪಕ್ಕದಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

ಇಪ್ಪತ್ತೇಳು ವರ್ಷದ ಹಿಂದೆ ನರಗುಂದದ ಒಬ್ಬ ವ್ಯಾಪಾರಿ ವಖಾರಿಯೊಳಗೆ ಹತ್ತಿಯ ಅಂಡಿಗೆ ಎಳೆಯಲಿಕ್ಕೆ ಸಣ್ಣ ಗಾಲಿಯ ಕೈಬಂಡಿಗಳನ್ನು ಮಾಡಿಸಲು ಬಂದಿದ್ದ. ಗಾಲಿ ಮೂರೂವರೆ ಗೇಣು. ಕಟ್ಟಿಗೆ ಕೆಲಸ ಕಳಕಪ್ಪನದು, ಹಳಿಯ ಕೆಲಸ ಕಮ್ಮಾರ ಹೊಳಿಯಪ್ಪನದು. ಇಬ್ಬರೂ ಒಂದೇ ಓಣಿಯವರು, ಒಂದೇ ತಾಟಿನಲ್ಲಿ ಉಂಡವರು. ಕಮ್ಮಾರ ಅಳತೆ ಕೇಳುವುದು, ಬಡಿಗ ಬಾಯಿಂದ ಹೇಳುವುದು, ಕಮ್ಮಾರ ಅಷ್ಟಕ್ಕೆ ಕಬ್ಬಿಣ ಕಡಿಯುವುದು. ಅದೇ ಪದ್ಧತಿ. ಬಡಿಗ ಹೇಳಿದ ಮೇಲೆ ಕಮ್ಮಾರ ದಾರ ಹಿಡಿದು ನೋಡಿದರೆ ಅದು ಮುಖದ ಮೇಲೆ ಬೈದಂತೆ. ಹೊಳಿಯಪ್ಪ ಯಾವತ್ತೂ ದಾರ ಹಿಡಿದವನಲ್ಲ.

ಹಳಿ ಹಾಕುವ ದಿನ ವ್ಯಾಪಾರಿಯೇ ಬಂದು ನಿಂತಿದ್ದ. ಕಾಸಿದ ಹಳಿಯನ್ನು ಗಾಲಿಯ ಮೇಲೆ ಇಟ್ಟರು, ನೀರು ಹೊಯ್ದರು. ಹೊಗೆ ಎದ್ದಿತು, ಹೊಗೆ ಇಳಿಯಿತು. ಕೂಸಿನ ಕೈಗೆ ತಾಯಿಯ ಬಳೆ ತೊಡಿಸಿದ ಹಾಗೆ ಹಳಿ ಗಾಲಿಯ ಸುತ್ತ ಲಟಪಟ ಅಂದಿತು. ನೋಡಲು ನೆರೆದವರು ನಕ್ಕರು.

"ಕಳಕ್ಯಾ, ನೀ ಹನ್ನೊಂದೂವರಿ ಅಂದಿದ್ದಿ," ಅಂದಿದ್ದ ಹೊಳಿಯಪ್ಪ.

"ಅಂದೀನಿ. ಹನ್ನೊಂದೂವರಿನ ಖರೆ. ನೀ ನಿದ್ದಿಗಣ್ಣಾಗ ಕಡಿದೀಯೋ, ಕುಡದು ಕಡಿದೀಯೋ, ನಿನಗ ಗೊತ್ತು."

ಹೊಳಿಯಪ್ಪ ಆ ಹಳಿಯನ್ನು ಅಡೆಗಲ್ಲಿನ ಮೇಲೆ ಎಳೆದು ನಾಲ್ಕು ತುಂಡು ಮಾಡಿ ಎಸೆದ. ಇನ್ನು ಅಳೆಯಲಿಕ್ಕೆ ಅದೂ ಉಳಿಯಲಿಲ್ಲ. ವ್ಯಾಪಾರಿ ಗಾಲಿಗಳನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಹೋಗಿಬಿಟ್ಟ. ಹಿರಿಯರು ಕೇಳಿದಾಗ ಕಳಕಪ್ಪ ಕಾಳಮ್ಮನ ಗುಡಿಯಲ್ಲಿ ನಿಂತು ಆಣೆ ಮಾಡಿದ, ತನ್ನ ಅಳತೆ ತಪ್ಪಿಲ್ಲ ಎಂದು. ತಪ್ಪು ಹೊಳಿಯಪ್ಪನ ಮೇಲೆ ಹೋಯಿತು. ಪೇಟೆಯ ಕೆಲಸ ಅವನಿಗೆ ಆಮೇಲೆ ಬರಲೇ ಇಲ್ಲ. ಅಂದಿನಿಂದ ಇಬ್ಬರೂ ಒಂದು ಕಟ್ಟೆಯ ಮೇಲೆ ಕೂತಿಲ್ಲ. ಕಳಕಪ್ಪ ಗಾಲಿಗಳನ್ನು ಹೇರಿಕೊಂಡು ಹಳಿ ಹಾಕಿಸಲು ಸೂಡಿಯ ತನಕ ಹೋಗುತ್ತಿದ್ದ. ಸೂಡಿಯ ಕಮ್ಮಾರ ಬಾಯಿಮಾತಿನ ಅಳತೆ ಕೇಳುತ್ತಿರಲಿಲ್ಲ, ದಾರ ಹಿಡಿಯುತ್ತಿದ್ದ. ಹೊರಗಿನವ, ಅವನಿಗೇನು ಗೊತ್ತು ಎಂದು ಕಳಕಪ್ಪ ನುಂಗಿಕೊಂಡಿದ್ದ.

ಸಂಜೆ ರೇಣವ್ವ ಬರುವ ಹೊತ್ತಿಗೆ ಅಜ್ಜ ಗೂಟ ಕಿತ್ತಿರಲಿಲ್ಲ.

"ರೇಣವ್ವಾ, ಇಲ್ಲಿ ಬಾ. ಕಟ್ಟಿ ಮ್ಯಾಲೆ ಹೇಳಿದ ಲೆಕ್ಕ ಒಂದು ಹೇಳು. ಉತ್ತರ ಬ್ಯಾಡ. ಯಾಕ ಹಂಗ ಅಂತ ಹೇಳು."

ಹುಡುಗಿ ಒಂದು ಲೆಕ್ಕ ಗಡಗಡ ಒದರಿದಳು. ಯಾಕ ಎಂದಾಗ ನಿಂತಳು. ಇನ್ನೊಂದು ಹೇಳಿದಳು. ಅಲ್ಲಿಯೂ ನಿಂತಳು. ವಿಜ್ಞಾನದಲ್ಲಿ ಹಳಿ ಕಾಸಿದರೆ ಹಿಗ್ಗುವುದು ಗೊತ್ತು. ಬಿಸಿನೀರು ಹೊಯ್ದಾಗ ಗಾಜಿನ ಲೋಟ ಯಾಕೆ ಸೀಳುತ್ತದೆ ಎಂದು ಮಾಸ್ತರರು ಕೇಳಿದ್ದರಂತೆ. ಅದು ಬೇರೆ ಪಾಠ, ಇನ್ನೂ ಉರು ಹೊಡೆದಿಲ್ಲ ಅಂದಳು. ಹೇಳುತ್ತ ಹೇಳುತ್ತ ಅಳು ಬಂತು.

"ಕಟ್ಟಿ ಮ್ಯಾಲೆ ಅವರೆಲ್ಲ ಮಾತಾಡೂದು ನನಗ ತಿಳಿಯೂದಿಲ್ಲಜ್ಜಾ. ಒಂದು ತಿಂಗಳಾತು. ತಿಳದಂಗ ಮಾಡ್ತೀನಿ."

"ಯಾಕ ಹೇಳಲಿಲ್ಲ?"

"ನೀ ಎಲ್ಲಾರ ಮುಂದ ಹೇಳಿಕೋಂತ ತಿರಗತಿದ್ದಿ," ಅಂದಳು ಹುಡುಗಿ.

ಕಳಕಪ್ಪಜ್ಜ ಗೂಟ ಕಿತ್ತು ಬದಿಗಿಟ್ಟ. ಎದ್ದು ರುಮಾಲು ಸುತ್ತಿಕೊಂಡು ಮಾಸ್ತರರ ಮನೆಗೆ ನಡೆದ.

ನಬೀಸಾಬ ಮಾಸ್ತರರು ಆಗಷ್ಟೇ ನಮಾಜು ಮುಗಿಸಿ ಕಟ್ಟೆಯ ಮೇಲೆ ಕೂತಿದ್ದರು. ಅವರ ಹೆಂಡತಿ ರಾಜಮಾ ಒಳಗಿನಿಂದ ಚಹಾ ಕಳಿಸಿದಳು. ಅಜ್ಜ ಕಟ್ಟೆ ಹತ್ತದೆ ಅಂಗಳದಲ್ಲೇ ನಿಂತ.

"ಮ್ಯಾಲೆ ಬರ್ರಿ, ಅಜ್ಜಾರ."

"ಇಲ್ರಿ ಮಾಸ್ತರ. ಕೆಳಗಿಂದ ಮಾತಾಡಾಕ ಬಂದೀನಿ. ನಮ್ಮ ರೇಣವ್ವನ್ನ ಕಟ್ಟಿಯಿಂದ ಇಳಸ್ರಿ. ಅಂಗಳದಾಗ ಕೂಡಸ್ರಿ."

ಮಾಸ್ತರರು ಚಹಾದ ಬಸಿಯನ್ನು ಕೆಳಗಿಟ್ಟರು. "ಎಂಟ ವರ್ಷದಿಂದ ಪಾಠ ಹೇಳಾಕತ್ತೀನಿ. ಮಕ್ಕಳನ್ನ ಹತ್ತಸ್ರಿ ಅಂತ ಬಂದವರನ್ನ ಕಂಡೀನಿ. ಇಳಸ್ರಿ ಅಂತ ಬಂದವರು ನೀವ ಮೊದಲನೇದವರು."

"ಆಕಿಗೆ ಬಂದ ಉತ್ತರ ಎಲ್ಲಾ ನನ್ನವು ರೀ. ಆಕೀವು ಒಂದೂ ಇಲ್ಲ."

ಮಾಸ್ತರರು ಅಂದರು, "ನಂದೂ ತಪ್ಪೈತ್ರಿ. ಆ ದಿವಸ ನಾ ಉತ್ತರ ಕೇಳಿದೆ, ದಾರಿ ಕೇಳಲಿಲ್ಲ. ಬಾವಿ ಲೆಕ್ಕ ತಪ್ಪಿದಾಗ ಗೊತ್ತಾತು. ಇಳಿಸಬೇಕು ಅನಸ್ತು, ಧೈರ್ಯ ಬರಲಿಲ್ಲ. ಓಣಿ ನೋಡತೈತಲ್ಲ. ಹುಡುಗಿ ಬುದ್ಧಿವಂತಿ ಅದಾಳ, ಅದರಾಗ ಸಂಶಯ ಇಲ್ಲ. ಬುನಾದಿ ಇಲ್ಲ, ಅಷ್ಟ. ಅಂಗಳದಾಗ ಒಂದು ವರ್ಷ ಕುಂತ್ರ ಗಟ್ಟಿ ಆಗ್ತಾಳ. ಆದ್ರ ಅಜ್ಜಾರ, ಇಳಿಸಿದರ ಈ ವರ್ಷ ರೋಣಕ್ಕ ಕಳಸಾಕ ಬರೂದಿಲ್ಲ. ಮುಂದಿನ ವರ್ಷಾನ. ಅಲ್ಲೀತನಕ ನಿಮ್ಮ ಮನಿಯವರು ಕಾಯ್ತಾರೇನು?"

ಕಳಕಪ್ಪಜ್ಜನಿಗೆ ಅದೇ ಗೊತ್ತಿರಲಿಲ್ಲ.

ಮನೆಯಲ್ಲಿ ವಿಷಯ ಹೇಳಿದಾಗ ತಿಪ್ಪವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಕರಿಯಾಯಿತು.

"ಹತ್ತಿಸಿದವರು ನೀವು. ಇಳಿಸವರೂ ನೀವು. ನಡುವ ನನ್ನ ಮಗಳಿಗೆ ದಡ್ಡಿ ಅಂತ ಹೆಸರು. ನಾಳೆ ಮುಂಜಾನೆ ಆಕಿ ಸಣ್ಣ ಹುಡುಗರ ಸಂಗಾಟ ನೆಲದ ಮ್ಯಾಲೆ ಕುಂತಿದ್ದನ್ನ ಊರ ನೋಡತೈತಿ. ಆ ಸುದ್ದಿ ಶಿರೋಳಕ್ಕ ಮುಟ್ಟಾಕ ಎರಡು ದಿನ ಸಾಕು. ಆಮ್ಯಾಲೆ ವರ್ಷಗಟ್ಲೆ ಕಾಯ್ರಿ ಅಂತ ಅವರಿಗೆ ಯಾವ ಬಾಯಿಂದ ಹೇಳಲಿ? ಕೂಡ್ಲಿ ಬಿಡ್ರಿ ಈ ವರ್ಷಾನ. ಬಂದ್ರ ಬಂತು, ಇಲ್ಲಂದ್ರ ಲಗ್ನ."

"ಬರೂದಿಲ್ಲವಾ. ಅದು ನನಗ ಗೊತ್ತೈತಿ. ಗೊತ್ತಿದ್ದೂ ಕಳಿಸಿದ್ರ ಆಕೀದು ಒಂದ ಅವಕಾಶ ನಾವ ಕೈಯಾರೆ ಕಸದಾಗ ಒಗದಂಗ."

"ತಪ್ಪು ನಿಮ್ಮದು. ಅನುಭವಿಸಾಕಿ ಆಕಿ."

"ಹೌದು," ಅಂದ ಮುದುಕ. "ತಪ್ಪು ನಂದು. ಅದನ್ನ ಊರಿಗೆ ನಾ ಹೇಳ್ತೀನಿ. ಶಿರೋಳದವರಿಗೂ ಹೇಳಸ್ತೀನಿ."

ಗೋಡೆಗೆ ಒರಗಿ ನಿಂತಿದ್ದ ರೇಣವ್ವನನ್ನು ಅವನು ಕೇಳಿದ, "ನೀ ಏನಂತೀ, ತಂಗಿ?"

"ನನಗ ಇಳಿಯೂದು ಬ್ಯಾಡ," ಅಂದಳು ರೇಣವ್ವ. ಸ್ವಲ್ಪ ಹೊತ್ತು ಬಿಟ್ಟು, "ತಿಳೀಲಾರದ ಕಟ್ಟಿ ಮ್ಯಾಲೆ ಕುಂದ್ರೂದೂ ಬ್ಯಾಡ."

ಅರ್ಜುನಪ್ಪ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ಎದ್ದು ಸೀದ ರೊಟ್ಟಿಯನ್ನು ತಾನೇ ತಾಟಿಗೆ ಹಾಕಿಕೊಂಡು ಉಂಡ. ಅವನ ಒಪ್ಪಿಗೆ ಅದು.

ಶಿರೋಳದವರಿಗೆ ಹೇಳಿಸುವುದಿದ್ದರೆ ಒಂದೇ ದಾರಿ. ಹುಡುಗ ಹೊಳಿಯಪ್ಪನ ಅಕ್ಕನ ಮೊಮ್ಮಗ. ತಿಪ್ಪವ್ವ ಈ ಸಂಬಂಧ ಹುಡುಕುವಾಗ ಮಾವನಿಗೆ ಅದು ನುಂಗಲಾರದ ತುತ್ತಾಗಿತ್ತು. ಆ ಮನೆಯಲ್ಲಿ ಹೊಳಿಯಪ್ಪನ ಮಾತು ನಡೆಯುತ್ತದೆ, ಬೇರೆ ಯಾರದೂ ನಡೆಯುವುದಿಲ್ಲ.

ಮರುದಿನ ಬೆಳಿಗ್ಗೆ ಕಳಕಪ್ಪಜ್ಜ ದಾರ, ಗೇಣುಕೋಲು, ಮೂರೂವರೆ ಗೇಣಿನ ಒಂದು ಹಲಗೆಯ ಚಕ್ರ ತೆಗೆದುಕೊಂಡು ಹೊಳಿಯಪ್ಪನ ಕುಲುಮೆಗೆ ಹೋದ. ಚಕ್ರವನ್ನು ನಸುಕಿನಲ್ಲೇ ಎದ್ದು ಕೊಯ್ದಿದ್ದ. ಕುಲುಮೆಯಲ್ಲಿ ಈಗ ತಿದಿ ಒತ್ತುವವನು ಹೊಳಿಯಪ್ಪನ ಮಗ. ಹೊಳಿಯಪ್ಪ ಗೋಡೆಯ ಬದಿಗೆ ಕಂಬಳಿ ಹೊದ್ದು ಕೂತಿದ್ದ. ಬೆಂಕಿ ನೋಡಿ ನೋಡಿ ಅವನ ಕಣ್ಣಿನ ದೃಷ್ಟಿ ಮುಕ್ಕಾಲು ಹೋಗಿತ್ತು. ಕೆಲಸಕ್ಕೆ ಬಂದಿದ್ದ ನಾಲ್ಕು ಜನ ರೈತರು ಕಳಕಪ್ಪನನ್ನು ಕಂಡು ಮಾತು ನಿಲ್ಲಿಸಿದರು.

"ಯಾರದು?" ಅಂದ ಹೊಳಿಯಪ್ಪ.

"ನಾನು. ಕಳಕಪ್ಪ."

"ದಾರಿ ತಪ್ಪಿದಿ. ಸೂಡಿ ಆ ಕಡೆ ಐತಿ."

ರೈತರಲ್ಲಿ ಒಬ್ಬ ಕೆಮ್ಮಿ ನಗು ಮುಚ್ಚಿಕೊಂಡ. ಕಳಕಪ್ಪಜ್ಜ ಎದುರಿಗೆ ಕೂತ. ಹಲಗೆಯ ಚಕ್ರವನ್ನು ಅವನ ತೊಡೆಯ ಮೇಲೆ ಇಟ್ಟ, ದಾರವನ್ನು ಕೈಗೆ ಕೊಟ್ಟ.

"ಅಡ್ಡ ಮೂರೂವರಿ ಗೇಣು. ನೋಡಿಕೋ. ಆಮ್ಯಾಲೆ ಸುತ್ತ ದಾರ ಹಿಡಿ."

ಹೊಳಿಯಪ್ಪನ ಬೆರಳುಗಳಿಗೆ ಕಣ್ಣಿಗಿಂತ ಚಲೋ ದೃಷ್ಟಿ ಇತ್ತು. ಸುತ್ತ ದಾರ ಎಳೆದ, ಉಗುರಿನಿಂದ ಗುರುತು ಹಿಡಿದ, ಗೇಣುಕೋಲಿಗೆ ಒತ್ತಿ ಒತ್ತಿ ಎಣಿಸಿದ. ಹನ್ನೊಂದಕ್ಕೆ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದ. ಕುಲುಮೆಯಲ್ಲಿ ತಿದಿಯ ಸದ್ದೂ ನಿಂತಿತ್ತು.

"ನಾ ಅವತ್ತು ಹನ್ನೊಂದೂವರಿ ಅಂದೆ," ಅಂದ ಕಳಕಪ್ಪಜ್ಜ, ಎಲ್ಲರಿಗೂ ಕೇಳುವ ಹಾಗೆ. "ತಪ್ಪು ನಂದಿತ್ತು. ಕಾಳಮ್ಮನ ಮುಂದ ಸುಳ್ಳ ಆಣಿ ಮಾಡಿದೆ. ಸುಳ್ಳ ಅಂತ ನನಗ ಗೊತ್ತಿರಲಿಲ್ಲ, ನಿನ್ನೆ ಗೊತ್ತಾತು."

ಹೊಳಿಯಪ್ಪ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತ.

"ನನ್ನ ಹೇಣತಿ ಸಾಯೂತನಕ ಅಂತಿದ್ಳು," ಅಂದ ಕಡೆಗೆ. "ನೀ ಅವತ್ತು ಕುಡದಿದ್ದೇನ, ಖರೆ ಹೇಳು, ಅಂತ. ನಾ ಇಲ್ಲ ಅಂತಿದ್ದೆ. ಆಕಿ ಹೂಂ ಅಂತಿದ್ಳು. ನಂಬಿದ್ಳೋ ಇಲ್ಲೋ, ಇನ್ನ ಯಾರನ್ನ ಕೇಳಲಿ?"

ಕಳಕಪ್ಪಜ್ಜನ ತಲೆ ಬಾಗಿತು.

"ಮಾಫಿ ಕೇಳಬ್ಯಾಡ, ಕಳಕ್ಯಾ. ಕೊಡಾಕ ನನ್ನ ಕಡೆ ಇಲ್ಲ. ನಂದೂ ಒಂದು ತಪ್ಪೈತಿ. ಸಣ್ಣ ಗಾಲಿ, ಹೊಸಾ ಕೆಲಸ. ದಾರ ಹಿಡೀಬೇಕು ಅಂತ ಅವತ್ತ ನನಗೂ ಅನಿಸಿತ್ತು. ನಿನಗ ಸಿಟ್ಟು ಬರತೈತಿ ಅಂತ ಬಿಟ್ಟೆ." ಅವನು ಉಸಿರು ಎಳೆದುಕೊಂಡ. "ಇಷ್ಟ ವರ್ಷ ಇಲ್ಲದ್ದು ನಿನ್ನೆ ಹ್ಯಾಂಗ ಗೊತ್ತಾತು?"

ಕಳಕಪ್ಪಜ್ಜ ಹೇಳಿದ. ಬಾವಿಯ ಲೆಕ್ಕ, ಕಟ್ಟೆ, ಅಂಗಳ, ಒಂದೇ ಸಲದ ಪಂದ್ಯ, ಶಿರೋಳದ ಮಾತು, ಎಲ್ಲ. ಹುಡುಗಿ ದಡ್ಡಿಯಲ್ಲ, ತಾನು ಕೊಟ್ಟ ಅಳತೆಯನ್ನು ನಂಬಿದ್ದಳು, ಅಷ್ಟೇ ಅವಳ ತಪ್ಪು ಎಂದ. ಒಂದು ವರ್ಷ ಕಾಯಲಿಕ್ಕೆ ಅಕ್ಕನ ಮನೆಗೆ ಹೇಳಿಕಳಿಸು ಎಂದ.

"ನಿನ್ನ ಅಳತಿ ನಂಬಿ ನಾನೂ ಕೆಟ್ಟೆ, ಆ ಕೂಸೂ ಕೆಡತಿತ್ತು," ಅಂದ ಹೊಳಿಯಪ್ಪ. "ಹೇಳಿ ಕಳಸ್ತೀನಿ. ನಿನ್ನ ಸಲುವಾಗಿ ಅಲ್ಲ. ಕಾಯ್ತಾರೋ ಇಲ್ಲೋ ನನ್ನ ಕೈಯಾಗಿಲ್ಲ."

ಶಿರೋಳದವರು ಕಾಯಲಿಲ್ಲ. ಹದಿನೈದು ದಿನ ಕಳೆದು ಬಂದ ಮಾತಿನಲ್ಲಿ ಸಿಟ್ಟಿರಲಿಲ್ಲ. ಹುಡುಗನ ಅಜ್ಜಿಗೆ ಆರಾಮಿಲ್ಲ, ಈ ಬೇಸಿಗೆಗೆ ಲಗ್ನ ಮಾಡಲೇಬೇಕು, ಬೆಳವಣಕಿಯ ಕಡೆ ಒಂದು ಹುಡುಗಿ ನೋಡಿದ್ದೇವೆ ಎಂದು ಹೇಳಿಕಳಿಸಿದ್ದರು. ತಿಪ್ಪವ್ವ ಆ ದಿನದಿಂದ ಮಾವನಿಗೆ ತಾಟು ಇಡುವಾಗ ಉಣ್ರಿ ಅನ್ನುವುದನ್ನು ಬಿಟ್ಟಳು. ತಾಟು ಇಟ್ಟು ಸುಮ್ಮನೆ ಹೋಗುತ್ತಿದ್ದಳು. ಆದರೆ ನೀರಿನ ಬಾವಿಯ ಹತ್ತಿರ ಗಾಳೆವ್ವ, "ಮಾಮಲೇದಾರಕಿ ನೆಲಕ್ಕ ಇಳದ್ಳಂತಲ್ಲ?" ಅಂದಾಗ ತಿಪ್ಪವ್ವ ಕೊಡ ಎತ್ತಿಕೊಂಡು, "ಇಳಿಸಿದವರು ನಮ್ಮ ಮಾವಾರು. ಅವರದ ಅಳತಿ ತಪ್ಪಿತ್ತಂತ ಕುಲುಮಿಯೊಳಗ ನಾಕು ಮಂದಿ ಮುಂದ ಹೇಳಿ ಬಂದಾರ. ನಿಮ್ಮ ಮನಿಯೊಳಗ ಹಂಗ ಹೇಳುವವರು ಯಾರರ ಅದಾರೇನು?" ಅಂದಳಂತೆ. ಇದನ್ನು ಕಳಕಪ್ಪಜ್ಜನಿಗೆ ಹೇಳಿದವಳು ರೇಣವ್ವ.

ರೇಣವ್ವ ಅಂಗಳದಲ್ಲಿ ಐದನೇ ಇಯತ್ತೆಯ ಮಕ್ಕಳ ನಡುವೆ ಕೂತಳು. ಮೊದಲ ವಾರ ಸೆರಗಿನಿಂದ ಮುಖ ಮರೆಮಾಡಿಕೊಂಡಳು. ಓಣಿಯಲ್ಲಿ ಯಾರಾದರೂ ಹೋದರೆ ಪಾಟಿಯ ಮೇಲೆ ಬಗ್ಗುವಳು. ಅಜ್ಜನ ಸಂಗಡ ಮಾತಿಲ್ಲ. ಶಿವರಾತ್ರಿ ಕಳೆದು ಕಟ್ಟೆಯ ನಾಲ್ಕು ಹುಡುಗರು ರೋಣದ ಬಸ್ಸು ಹತ್ತಿದ ದಿನ ಅವಳು ಊಟ ಮಾಡಲಿಲ್ಲ. ಆ ನಾಲ್ವರಲ್ಲಿ ಒಬ್ಬನ ಹೆಸರು ಬಂತು.

ಚೈತ್ರ ಮಾಸದಲ್ಲಿ ಒಂದು ಸಂಜೆ ಅವಳು ಚಪ್ಪರಕ್ಕೆ ಬಂದು ಮಣ್ಣಿನಲ್ಲಿ ತಾನೇ ಗೂಟ ಬಡಿದಳು. ಮೂರು ಗೇಣಿನ ಸುತ್ತು, ಐದು ಗೇಣಿನ ಸುತ್ತು, ಹತ್ತು ಗೇಣಿನ ಸುತ್ತು ಎಳೆದಳು. ಪ್ರತಿಯೊಂದಕ್ಕೂ ದಾರ ಹಿಡಿದಳು.

"ಅಜ್ಜಾ, ಆ ಮ್ಯಾಲಿನ ಗೇಣು ಇರತೈತಲ್ಲ, ಅದು ಎಷ್ಟ ದೊಡ್ಡ ಸುತ್ತಿದ್ರೂ ಅಡ್ಡಳತಿ ಏಳರೊಳಗ ಒಂದು ಪಾಲ. ಒಂದು ಕೂದಲೆಳಿ ಕಡಿಮಿ ಇರಬಹುದು ಅಂತಾರ ಮಾಸ್ತರು."

"ಯಾಕ ಏಳರೊಳಗ ಒಂದು?"

"ಅದ ನನಗೂ ತಿಳಿವಲ್ದು. ನಾಳೆ ಕೇಳ್ತೀನಿ."

ಕಳಕಪ್ಪಜ್ಜ ಬಾಚಿ ಕೆಳಗಿಟ್ಟ.

ಮುಂದಿನ ದಸರಾಕ್ಕೆ ಅವಳು ಕಟ್ಟೆ ಹತ್ತಿದಳು. ಈ ಸಲ ಮಾಸ್ತರರು ಗಾಲಿಯ ಲೆಕ್ಕ ಕೇಳಲಿಲ್ಲ, ಅಜ್ಜನೂ ಬಾಗಿಲ ಬಳಿ ಕೂಡಲಿಲ್ಲ, ಅರ್ಜುನಪ್ಪನನ್ನು ಕಳಿಸಿದ್ದ. ಅದರ ಮುಂದಿನ ಶಿವರಾತ್ರಿ ಕಳೆದು ಅಜ್ಜ ಮೊಮ್ಮಗಳು ಇಬ್ಬರೂ ರೋಣಕ್ಕೆ ಹೋದರು. ಪಂದ್ಯ ನಡೆಯುವ ಸಾಲಿಯ ಹೊರಗೆ ಅಜ್ಜ ಮಧ್ಯಾಹ್ನದ ತನಕ ಗಿಡದ ನೆರಳು ಸರಿದ ಹಾಗೆ ತಾನೂ ಸರಿಯುತ್ತ ಕೂತ. ಹುಡುಗಿ ಹೊರಗೆ ಬಂದಾಗ ಎಷ್ಟು ಬಂತು ಎಂದು ಅವನು ಕೇಳಲಿಲ್ಲ.

"ಹ್ಯಾಂಗ ಮಾಡಿದಿ?"

ಅವಳು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಬರೆದು ತೋರಿಸಿದಳು. ಅವನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಒಂದು ಕಡೆ ಅವಳು ನಿಂತಳು.

"ಇದೊಂದು ಗೊತ್ತಿರಲಿಲ್ಲಜ್ಜಾ. ಬಿಟ್ಟೆ."

ಗೊತ್ತಿರಲಿಲ್ಲ. ಎಷ್ಟು ಸಣ್ಣ ಮಾತು. ಹದಿನಾಲ್ಕು ವರ್ಷದ ಹುಡುಗಿ ಬುತ್ತಿ ಬಿಚ್ಚುತ್ತ ಅದನ್ನು ಅಂದುಬಿಟ್ಟಳು. ಅದೇ ಮಾತನ್ನು ಆ ಸಣ್ಣ ಗಾಲಿಗೆ ಹಳಿ ಹಾಕಿದ ದಿನವೇ ತಾನು ಅಂದಿದ್ದರೆ ಎಂದು ಕಳಕಪ್ಪಜ್ಜ ಬಹಳ ಹೊತ್ತು ಆ ಮಣ್ಣಿನ ಗೆರೆಗಳನ್ನು ನೋಡುತ್ತ ಕೂತ.

ಯುಗಾದಿ ಮುಗಿದ ಮೇಲೆ ಮಾಸ್ತರರಿಗೆ ಕಾಗದ ಬಂತು. ಹತ್ತು ಹೆಸರು ಇದ್ದವು. ಮಾಸ್ತರರೇ ಬಂದು ತಿಪ್ಪವ್ವನ ಮುಂದೆ ಓದಿದರು. ಅವಳು ಒಳಗೆ ಹೋಗಿ ಅಡುಗೆ ಮಾಡಿದಳು. ಮಾವನ ಮುಂದೆ ತಾಟು ಇಟ್ಟು, "ಉಣ್ರಿ," ಅಂದಳು.

ಉಂಡು ಕೈ ತೊಳೆದು ಕಳಕಪ್ಪಜ್ಜ ಕುಲುಮೆಗೆ ಹೋದ. ಹೊಳಿಯಪ್ಪ ಅದೇ ಗೋಡೆಯ ಬದಿಗೆ ಕೂತಿದ್ದ.

"ಆ ಕೂಸಿನ ಹೆಸರು ಬಂತು," ಅಂದ ಕಳಕಪ್ಪಜ್ಜ.

"ಎಷ್ಟನೇದು?"

"ಒಂಬತ್ತನೇದು."

ಹೊಳಿಯಪ್ಪ ಮುಖವನ್ನು ಅವನ ಕಡೆ ತಿರುಗಿಸಿದ. "ನೀ ಎಣಿಸಿ ನೋಡಿದೇನು, ಇಲ್ಲಾ ಬಾಯಿಲೆ ಹೇಳತೀಯೋ?"

"ಎಣಿಸೀನಿ. ಬೆರಳಿಟ್ಟು. ಎರಡು ಸಲ."

"ಹಂಗಾರ ಕುಂದ್ರು," ಅಂದ ಹೊಳಿಯಪ್ಪ, ಮತ್ತು ಕಂಬಳಿಯ ತುದಿಯನ್ನು ಅವನಿಗೆ ಸರಿಸಿದ.